ನೂರು ಹೆಜ್ಜೆ ದೂರದಲ್ಲಿದ್ದ ಡಾಕ್ಟರು

2001ರಲ್ಲಿ ನಾನು ಹಾಸನದಲ್ಲಿ ಆರೋಗ್ಯ ಇಲಾಖೆಯ ತರಬೇತಿ ಕೆಲಸದಲ್ಲಿದ್ದೆ. ಅದಕ್ಕೂ ಮುಂಚೆ ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹದಿನೆಂಟು ವರ್ಷ ಶಸ್ತ್ರಚಿಕಿತ್ಸೆ ಮಾಡಿದವನು. ಬೆನ್ನುನೋವು ಬಂದು ಆಪರೇಷನ್ ಥಿಯೇಟರಿನಲ್ಲಿ ನಿಲ್ಲಲು ಆಗದೆ ಈ ಕಡೆ ಬಂದಿದ್ದೆ. ಹೊಸದಾಗಿ ಆಸ್ಪತ್ರೆಯ ಆಡಳಿತ ವಹಿಸಿಕೊಂಡ ವೈದ್ಯರ ಪಕ್ಕ ಕೂತು, ಅವರ ಕೆಲಸ ನೋಡಿ, ಅವರು ತಮ್ಮನ್ನು ತಾವೇ ತಿದ್ದಿಕೊಳ್ಳಲು ನೆರವಾಗುವುದು ನನ್ನ ಪಾಲಿನ ಕೆಲಸ. ಈಗ ಇದನ್ನು ಕೋಚಿಂಗ್ ಅನ್ನುತ್ತಾರೆ. ಆಗ ಹಾಸನದಲ್ಲಿ ಕೋಚಿಂಗ್ ಅಂದರೆ ಸಿಇಟಿ ಪಾಠ, ಅಷ್ಟೆ. ನಮ್ಮ ಜೀಪ್ ಡ್ರೈವರ್ ರಾಮೇಗೌಡ, "ಡಾಕ್ಟ್ರಿಗೂ ಟ್ಯೂಷನ್ನಾ ಸಾ?" ಅಂತ ನಕ್ಕಿದ್ದ.

ಆ ವರ್ಷ ಹೊಳೆನರಸೀಪುರ ತಾಲ್ಲೂಕಿನ ಮೂವತ್ತು ಹಾಸಿಗೆಯ ಒಂದು ಆಸ್ಪತ್ರೆಯಿಂದ ದೂರು ಬಂತು. ಊರಿನ ಹೆಸರು ಬೇಡ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ದೂರು ಕೊಟ್ಟವರು ಅಲ್ಲಿನ ಆಡಳಿತ ವೈದ್ಯಾಧಿಕಾರಿ ಡಾ. ಪುಟ್ಟರಾಜು, ಮೂವತ್ತನಾಲ್ಕು ವರ್ಷದ ಸರ್ಜನ್. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದ ಮಂಜುಳಾ ಎಂಬಾಕೆಗೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಬಿಪಿ ಇಳಿಯುತ್ತಿತ್ತು. ಸ್ಟಾಫ್ ನರ್ಸ್ ಸರೋಜಾ ತಮಗೆ ತಿಳಿಸಲಿಲ್ಲ. ಅವರನ್ನು ಸಸ್ಪೆಂಡ್ ಮಾಡಬೇಕು. ಇದು ದೂರು. ವಿಷಯ ಗೊತ್ತಾದ ತಕ್ಷಣ ಪುಟ್ಟರಾಜು ಆಕೆಯ ಹೊಟ್ಟೆಯನ್ನು ಮತ್ತೆ ತೆರೆದು, ರಕ್ತ ಸೋರುತ್ತಿದ್ದ ನಾಳವನ್ನು ಕಟ್ಟಿ, ರಕ್ತ ಕೊಡಿಸಲು ಆಂಬುಲೆನ್ಸಿನಲ್ಲಿ ತಾವೇ ಹಾಸನಕ್ಕೆ ಕರೆತಂದಿದ್ದರು. ಕೈ ಅಷ್ಟು ಚುರುಕು.

"ವಿಚಾರಣೆ ಮಾಡಿ ವರದಿ ಕೊಡಿ," ಅಂದರು ಮೇಲಧಿಕಾರಿ. "ಹಾಗೇ ಆ ಡಾಕ್ಟರನ್ನೂ ಸ್ವಲ್ಪ ನೋಡಿ. ಎರಡು ವರ್ಷದಲ್ಲಿ ಐದು ನರ್ಸ್‌ಗಳು ಟ್ರಾನ್ಸ್‌ಫರ್ ಕೇಳಿದ್ದಾರೆ."

ನಾನು ಮೊದಲು ನೋಡಿದ್ದು ಕೇಸ್ ಶೀಟು. ಕಾಲು ಗಂಟೆಗೊಮ್ಮೆ ಬಿಪಿ ಬರೆದಿತ್ತು: 110, 100, 96, 88, 80. ಪಕ್ಕದಲ್ಲಿ ಏರುತ್ತಿದ್ದ ನಾಡಿಯ ಲೆಕ್ಕ. ಡ್ರಿಪ್ ಜೋರು ಮಾಡಿದ ಹೊತ್ತು, ಮಂಚದ ಕಾಲ್ದೆಸೆ ಎತ್ತರಿಸಿದ ಹೊತ್ತು, ಎಲ್ಲವೂ ಗುಂಡು ಅಕ್ಷರದಲ್ಲಿ. ಅಷ್ಟು ಅಚ್ಚುಕಟ್ಟಾದ ಚಾರ್ಟನ್ನು ನಾನು ಹಾಸನದಲ್ಲೂ ಅಪರೂಪಕ್ಕೆ ಕಂಡಿದ್ದೆ. 'ವೈದ್ಯರಿಗೆ ತಿಳಿಸಲಾಯಿತು' ಅನ್ನುವ ಒಂದು ಸಾಲು ಮಾತ್ರ ಇರಲಿಲ್ಲ. ಬಿಪಿ ಹಾಗೆ ಇಳಿಯುತ್ತಿದ್ದಾಗ ಮಧ್ಯಾಹ್ನ ಎರಡು ಗಂಟೆ. ಡಾಕ್ಟರು ಊಟಕ್ಕೆಂದು ಕ್ವಾರ್ಟರ್ಸಿಗೆ ಹೋಗಿದ್ದರು. ವಾರ್ಡಿನ ಬಾಗಿಲಿಂದ ಅಲ್ಲಿಗೆ ನಡೆದು ನೋಡಿದೆ. ನೂರು ಹೆಜ್ಜೆ.

ಸರೋಜಾ ಸಿಸ್ಟರ್‌ಗೆ ನಲವತ್ತು ದಾಟಿತ್ತು. ಯಾಕೆ ಕರೆಯಲಿಲ್ಲ ಅಂತ ಎಷ್ಟು ಕೇಳಿದರೂ ಒಂದೇ ಮಾತು: "ತಪ್ಪಾಯ್ತು ಸಾರ್, ಬರ್ಕೊಳಿ."

ಮಂಜುಳಾ ಅಷ್ಟರಲ್ಲಿ ಗುಣವಾಗಿ ಊರಿಗೆ ಬಂದಿದ್ದಳು. ಮರುದಿನ ಪುಟ್ಟರಾಜು ಅವರನ್ನೇ ಜೀಪಿನಲ್ಲಿ ಕೂರಿಸಿಕೊಂಡು ಹಳೇಕೋಟೆ ಕಡೆಯ ಅವಳ ಮನೆಗೆ ಹೋದೆ. ಜಗುಲಿಯಲ್ಲಿ ಅವಳ ಅತ್ತೆ ನಿಂಗಮ್ಮ ಹುರುಳಿ ಕೇರುತ್ತಿದ್ದರು. ಡಾಕ್ಟರನ್ನು ಕಂಡವರೇ ಮೊರ ಕೆಳಗಿಟ್ಟು ಕೈ ಮುಗಿದರು. "ದ್ಯಾವ್ರು ಬಂದಂಗೆ ಬಂದ್ರಿ ಸಾ ಅವತ್ತು." ಪುಟ್ಟರಾಜು ಮುಖ ಅರಳಿತು. ಅಜ್ಜಿ ಅಲ್ಲಿಗೆ ನಿಲ್ಲಿಸಲಿಲ್ಲ.

"ನಮ್ ಉಡ್ಗಿ ಮಕ ಬಿಳುಚ್ಕತಿತ್ತು. ಸಿಸ್ಟ್ರು ಅವಳ ಕೈ ಇಡ್ಕಂಡು ಕಣ್ಣೀರು ಆಕ್ಕಂಡು ಕುಂತಿದ್ಲು. ಡಾಕ್ಟ್ರ ಕರಿಯವ್ವ ಅಂದೆ. ಓದ್ವಾರ ಕರೆದಿದ್ಕೆ ಜನದ ಮುಂದೆ ಬೈದ್ರು ಕಣಜ್ಜಿ, ಇನ್ನೊಂದ್ ಗಳಿಗೆ ನೋಡ್ತೀನಿ ಅಂದ್ಲು. ಬೈಯಿಸ್ಕಳಾದು ನಂಗೇನು ಒಸ್ದಾ ಸಾ? ನಾನೇ ಬಂದು ನಿಮ್ ಬಾಗ್ಲು ಬಡ್ದೆ."

ಬಾಗಿಲು ಬಡಿದದ್ದು ಈ ಅಜ್ಜಿ ಅಂತ ಪುಟ್ಟರಾಜುಗೆ ಗೊತ್ತಿತ್ತು. ಸಿಸ್ಟರ್ ಬದಲು ಅವರೇ ಯಾಕೆ ಬಂದರು ಅಂತ ಗೊತ್ತಿರಲಿಲ್ಲ. ವಾಪಸ್ ಬರುವಾಗ, "ನಾನು ಕೂಗಾಡೋದು ಪೇಷಂಟ್ ಒಳ್ಳೇದಕ್ಕೇ ಸರ್," ಅಂದರು.

"ಇರಬಹುದು. ಅದರಿಂದ ಮಂಜುಳಾಗೆ ಏನಾಯ್ತು?"



ಮುಂದಿನ ಮೂರು ದಿನ ಅವರ ಒಪ್ಪಿಗೆ ಪಡೆದು ಓಪಿಡಿಯ ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಸಿಬ್ಬಂದಿಯ ಜೊತೆ ಅವರು ಆಡಿದ ಮಾತನ್ನು ಇದ್ದ ಹಾಗೇ ಬರೆದುಕೊಂಡೆ. ಮೂರನೇ ದಿನ ಸಂಜೆ ಆಸ್ಪತ್ರೆ ಹಿಂದಿನ ಹೊಂಗೆ ಮರದ ಕೆಳಗೆ ಕೂರಿಸಿ ಓದಿ ಹೇಳಿದೆ. "ಕಣ್ಣು ಕಾಣಲ್ವಾ ನಿಮಗೆ?" "ಯಾರು ನಿಮಗೆ ನರ್ಸಿಂಗ್ ಪಾಸ್ ಮಾಡಿಸಿದ್ದು?" "ಇಷ್ಟಕ್ಕೆಲ್ಲ ನನ್ನನ್ನ ಕರೀತೀರಾ?" ಒಂದು ಪುಟ ಮುಗಿಯುವಷ್ಟರಲ್ಲಿ, "ಸಾಕು ಸರ್," ಅಂದರು. ಹಿಂದೆಯೇ, "ನಮ್ಮ ಪ್ರೊಫೆಸರ್ ಹೀಗೇ ಮಾತಾಡ್ತಿದ್ರು. ಅವರನ್ನ ಕಂಡ್ರೆ ನನಗೆ ಆಗ್ತಿರ್ಲಿಲ್ಲ," ಅಂದರು.

ನಾನೂ ಮುಚ್ಚಿಡಲಿಲ್ಲ. ಚನ್ನರಾಯಪಟ್ಟಣದ ಕಡೆ ಇದ್ದಾಗ ಕೋಪದಲ್ಲಿ ವಾರ್ಡಿನ ಆಯಾ ಒಬ್ಬರ ಎದುರು ಉಪಕರಣದ ಟ್ರೇ ಎಸೆದಿದ್ದೆ. ಕ್ಷಮೆ ಕೇಳಬೇಕು ಅಂತ ಮನಸ್ಸಾಗುವಷ್ಟರಲ್ಲಿ ಆಕೆ ತೀರಿಕೊಂಡಿದ್ದರು. ಅದನ್ನು ಹೇಳಿ, ಮುಂದೇನು ಮಾಡಬೇಕು ಅನ್ನುವುದನ್ನು ಅವರಿಗೇ ಬಿಟ್ಟೆ. ಉಪದೇಶ ನಾಲಿಗೆ ತುದಿಯಲ್ಲೇ ಇತ್ತು, ತಡೆದುಕೊಳ್ಳುವುದು ಕಷ್ಟವಾಯಿತು.

ಸೋಮವಾರ ಬೆಳಿಗ್ಗೆ ಅವರು ಎಲ್ಲ ಸಿಬ್ಬಂದಿಯನ್ನೂ ವಾರ್ಡಿನ ವರಾಂಡಕ್ಕೆ ಕರೆದರು.

"ಸಿಸ್ಟರ್, ನೀವು ಕರೀದೆ ಇದ್ದದ್ದು ತಪ್ಪು. ಕರೀದ ಹಾಗೆ ಮಾಡಿದ್ದು ನಾನು."

ಸರೋಜಾ ಸಿಸ್ಟರ್ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದರು. "ಹಂಗಾದ್ರೆ ಇನ್ಮೇಲೆ ಬೈಯಲ್ವಾ ಸಾರ್?" ಅಂತ ಕೇಳಿಯೇ ಬಿಟ್ಟರು. ಯಾರೋ ಕಿಸಕ್ಕನೆ ನಕ್ಕರು.

"ಬೈದ್ರೂ ಬೈಬೋದು," ಅಂದರು ಪುಟ್ಟರಾಜು. "ಬೈದ್ರೂ ಕರೀರಿ. ಬೈದಿದ್ದು ನನ್ನ ತಪ್ಪಾದ್ರೆ ಸಂಜೆಯೊಳಗೆ ಬಂದು ನಾನೇ ಹೇಳ್ತೀನಿ."

ನನ್ನ ವರದಿಯಲ್ಲಿ ಇಬ್ಬರ ತಪ್ಪನ್ನೂ ಬರೆದೆ. ಕಳಿಸುವ ಮುಂಚೆ ಇಬ್ಬರಿಗೂ ಓದಿಸಿದೆ. ಸಸ್ಪೆನ್ಷನ್ ಆಗಲಿಲ್ಲ, ಇಬ್ಬರಿಗೂ ಎಚ್ಚರಿಕೆಯ ಪತ್ರ ಬಂತು.

ಆಮೇಲೆ ಆರು ತಿಂಗಳು, ಹದಿನೈದು ದಿನಕ್ಕೊಂದು ಗುರುವಾರ ನಾನು ಅಲ್ಲಿಗೆ ಹೋಗುತ್ತಿದ್ದೆ. ಜೀಪ್ ಸಿಗದ ದಿನ ಹಾಸನದಿಂದ ಕೆಂಪು ಬಸ್ಸು. ಹೊಳೆನರಸೀಪುರದಲ್ಲಿ ಇಳಿದು, ಸ್ಟ್ಯಾಂಡಿನ ಎದುರು ಬಿಸಿ ಇಡ್ಲಿ ತಿಂದು, ಇನ್ನೊಂದು ಬಸ್ಸು ಹಿಡಿಯುವುದು. ಹಾದಿಯ ಪಕ್ಕ ನಾಲೆಯ ನೀರು, ಅದರಾಚೆ ಗದ್ದೆ. ಈಗಲೂ ಆ ಗುರುವಾರಗಳು ನೆನಪಾದರೆ ಮನಸ್ಸು ಹಗುರಾಗುತ್ತದೆ. ಪುಟ್ಟರಾಜು ಒಂದೇ ದಿನಕ್ಕೆ ಬದಲಾದರು ಅಂತ ನಾನು ಹೇಳುವುದಿಲ್ಲ. ಎರಡು ಸಲ ಹಳೇ ಧಾಟಿಗೆ ಬಿದ್ದರು. ಎರಡು ಸಲವೂ ಸಂಜೆಯೊಳಗೆ ವಾರ್ಡಿಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಬಂದರು.

ನಾಲ್ಕನೇ ತಿಂಗಳಲ್ಲಿ ಒಂದು ಗುರುವಾರ ಸರೋಜಾ ಸಿಸ್ಟರ್ ಗೇಟಿನ ಹತ್ತಿರವೇ ನನ್ನನ್ನು ಕಾಯುತ್ತಿದ್ದರು. ಹಿಂದಿನ ದಿನ ಒಬ್ಬ ಬಾಣಂತಿಯ ನಾಡಿ ಯಾಕೋ ಸರಿಯಿಲ್ಲ ಅನ್ನಿಸಿ, ಡಾಕ್ಟರು ಅನ್ನಕ್ಕೆ ಕೈ ಹಾಕುವ ಹೊತ್ತಿಗೇ ಹೋಗಿ ಕರೆದರಂತೆ. ಅವರು ಬಂದು ನೋಡಿದರು. ಏನೂ ಇರಲಿಲ್ಲ. "ಆದ್ರೂ ಕೈ ತೊಳ್ಕೊಂಡು, 'ಕರೆದಿದ್ದು ಒಳ್ಳೇದಾಯ್ತು ಸಿಸ್ಟರ್' ಅಂದ್ರು ಸಾರ್!" ಬಹುಮಾನ ಬಂದವರ ಹಾಗೆ ಹೇಳಿದರು. ಆ ವರ್ಷ ಅಲ್ಲಿಂದ ಯಾವ ನರ್ಸೂ ಟ್ರಾನ್ಸ್‌ಫರ್ ಕೇಳಲಿಲ್ಲ.

ಕೊನೆಯ ಭೇಟಿ ಮುಗಿಸಿ ಹಾಸನಕ್ಕೆ ಬಂದ ಮರುದಿನ, ಕಚೇರಿಯ ಟೈಪಿಸ್ಟ್ ವಿಮಲಾ ಅವರನ್ನು ಕೂರಿಸಿ ಕೇಳಿದೆ: "ನನ್ನ ಬಗ್ಗೆ ಹೇಳೋದೇನಾದ್ರೂ ಇದ್ರೆ ಹೇಳಮ್ಮ." ಆಕೆ ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು: "ಯಾರಾದ್ರೂ ಮಾತಾಡ್ವಾಗ ನೀವು ಗಡಿಯಾರ ನೋಡ್ತೀರಿ ಸಾರ್. ಹೇಳೋರಿಗೆ ಅಲ್ಲಿಗೇ ಬಾಯಿ ಕಟ್ಟೋಗುತ್ತೆ."

"ನಾಲ್ಕು ವರ್ಷದಿಂದ ಯಾಕಮ್ಮ ಹೇಳಲಿಲ್ಲ?"

"ನೀವು ಕೇಳೇ ಇರ್ಲಿಲ್ವಲ್ಲ ಸಾರ್."

ಆಸ್ಪತ್ರೆ ನಡೆಸುವವನಿಗೆ ಕೈಗುಣ ಬೇಕು, ವಿದ್ಯೆ ಬೇಕು, ನಿಜ. ಜೊತೆಗೆ, ಅವನಿಗೆ ಬೇಡವಾದ ಹೊತ್ತಿನಲ್ಲೂ ಬಂದು ಹೇಳುವ ಧೈರ್ಯ ಇರುವ ಜನ ಬೇಕು. ಆ ಧೈರ್ಯವನ್ನು ಅವರು ತಮ್ಮ ಮನೆಯಿಂದ ತರುವುದಿಲ್ಲ. ಅದನ್ನು ಕೊಡುವುದೂ ಕಿತ್ತುಕೊಳ್ಳುವುದೂ ನಮ್ಮ ಬಾಯಲ್ಲೇ ಇದೆ. ನೌಕರಿಗೆ ಸೇರಿ ಇಪ್ಪತ್ತು ವರ್ಷ ದಾಟಿದ ಮೇಲೆ ನಾನು ಕಲಿತ ಪಾಠ ಇದು.