ಅಲ್ಮಾಸಬಿಯ ಸಮಪಾಲು

ಲಕ್ಷ್ಮೇಶ್ವರದ ಅಲ್ಮಾಸಬಿ ಕೌದಿ ಹೊಲಿಯುವಾಕೆ. ಮನೆಯಲ್ಲಿ ಇಬ್ಬರು ಮೊಮ್ಮಕ್ಕಳು. ಮಗನ ಮಗ ಇಜಾಜ ಆಕೆಯನ್ನು ದಾದಿ ಅನ್ನುವನು, ತೀರಿಹೋದ ಮಗಳ ಕೂಸು ಸಬೀನಾ ನಾನಿ ಅನ್ನುವಳು. ಕರೆಯುವುದು ಎರಡು ಥರವಾದರೂ ಪಾಲು ಒಂದೇ. ಒಂದು ಪೇರಲಹಣ್ಣು ಬಂದರೂ ಕೊಯ್ದು, ಹೋಳುಗಳನ್ನು ಅಂಗೈಯಲ್ಲಿ ತೂಗಿ ನೋಡಿಯೇ ಕೊಡುವಳು. ಮಲಗುವಾಗ ಬಲದೊಡೆ ಅವನಿಗೆ, ಎಡದೊಡೆ ಅವಳಿಗೆ. ತಾಯಿಯಿಲ್ಲದ ಹುಡುಗಿ ಎಲ್ಲಿ ತನಗೆ ಕಡಿಮೆಯಾಯಿತು ಅಂದುಕೊಂಡಾಳೋ ಎಂಬ ಅಂಜಿಕೆ.

ಒಂದು ಮಳೆಗಾಲ ಇಬ್ಬರಿಗೂ ಕೂಡಿಯೇ ಜ್ವರ, ಗಂಟಲುನೋವು. ಬಸ್ಸಿನಲ್ಲಿ ಗದಗಿನ ದವಾಖಾನೆಗೆ ಕರಕೊಂಡು ಹೋದಳು. ಡಾಕ್ಟರು ಗಂಟಲು ನೋಡಿ, ಇಬ್ಬರ ಬೆರಳಿನಿಂದಲೂ ಹನಿ ರಕ್ತ ತೆಗೆಸಿದರು. ಸ್ವಲ್ಪ ಹೊತ್ತಿಗೆ ನರ್ಸ್ ನೇತ್ರಾ ಔಷಧದ ಬಾಟಲಿ ತಂದಳು, ಒಂದೇ ಒಂದು.

"ಇದು ಇಜಾಜಗ."

"ಅಕೀದು ಎಲ್ಲೈತ್ರಿ?"

"ಅಕೀಗೆ ಬ್ಯಾಡ್ರಿ ಅಮ್ಮಾರ. ಮೈಯಾಗ ಬ್ಯಾಕ್ಟೀರಿಯಾ ಹೊಕ್ಕರ ರಕ್ತದಾಗ ಸಿ.ಆರ್.ಪಿ. ಅನ್ನೂದು ಭಾಳ ಏರತೈತಿ. ಇಜಾಜಂದು ಏರೇತಿ, ಗಂಟಲಾಗ ಕೀವೂ ಐತಿ. ಸಬೀನಾಂದು ಏರಿಲ್ಲ. ಅಕೀದು ವೈರಸ್ ಜ್ವರ, ಅದಕ್ಕ ಈ ಔಷಧ ನಾಟೂದಿಲ್ಲ. ಜ್ವರದ ಗುಳಿಗಿ, ಗಂಜಿ, ನೀರು ಕೊಡ್ರಿ. ಇಳೀಲಿಲ್ಲಂದ್ರ ತಿರುಗಿ ಕರಕೊಂಡು ಬರ್ರಿ. ಇಂವಗ ಮಾತ್ರ ಚಮಚಾ ತುಂಬ ಕುಡಸ್ರಿ, ಬಾಟ್ಲಿ ಮುಗಿಯೂಮಟ."

ಅಲ್ಮಾಸಬಿ ಗೋಣು ಹಾಕಿದಳು. ಇಬ್ಬರ ಮೈಯೂ ಅಷ್ಟೇ ಸುಡುತ್ತಿತ್ತಲ್ಲ, ಅದೊಂದು ಆಕೆಗೆ ಬಗೆಹರಿಯಲಿಲ್ಲ.

ಮನೆಗೆ ಬಂದು ಚಮಚಕ್ಕೆ ಔಷಧ ಸುರಿದಾಗ ಸಬೀನಾ ಆಗಲೇ ಬಾಯಿ ತೆರೆದು ಕುಂತಿದ್ದಳು.

"ನಾನೀ, ನನಗ?"

ಕೈ ತಾನಾಗಿಯೇ ಇನ್ನೊಂದು ಚಮಚಕ್ಕೆ ಹೋಯಿತು. ಅರ್ಧ ಔಷಧ ಅದಕ್ಕೆ ಬಗ್ಗಿಸಿಯೂ ಬಿಟ್ಟಳು. ಎರಡೂ ಸಮನಾಗಿದ್ದವು. ಆಗ ನೇತ್ರಾಳ ಮಾತು ನೆನಪಾಯಿತು: ಚಮಚಾ ತುಂಬ. ಹೀಗೆ ಹಂಚಿದರೆ ಇವನಿಗೆ ಸಾಲದು, ಅವಳಿಗೆ ನಾಟದು. ಆ ಅರ್ಧವನ್ನು ಮೊದಲ ಚಮಚಕ್ಕೆ ತಿರುಗಿ ಸುರಿದು, ಪೂರಾ ಇಜಾಜನ ಬಾಯಿಗೆ ಹಾಕಿದಳು.

ಸಬೀನಾ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಅಲ್ಮಾಸಬಿ ಗೋಡೆಗೊರಗಿ ಕಾಲು ಚಾಚಿದಳು. "ಬಾ ಇಲ್ಲೆ. ಅವಗ ಔಷಧ, ನಿನಗ ಎರಡೂ ತೊಡಿ."

ಹುಡುಗಿ ಹೊರಳಿ ನೋಡಿದಳು. "ಎರಡೂ?"

"ಜ್ವರ ಇಳಿಯೂಮಟ."

ಸಬೀನಾ ಬಂದು ಎರಡೂ ತೊಡೆ ತುಂಬ ಮೈಚೆಲ್ಲಿ, ಸೆರಗು ಎಳೆದು ಹೊದ್ದುಕೊಂಡಳು. ಕಹಿಗೆ ಮುಖ ಕಿವುಚಿಕೊಂಡಿದ್ದ ಇಜಾಜ ನೋಡುತ್ತಲೇ ಇದ್ದ.

"ದಾದಿ, ಮುಂದಿನ ಸಲ ನನಗ ವೈರಸ್ ಬರ್ಲಿ."

"ಸುಮ್ನ ಮಕ್ಕೋ ಲೇ," ಅನ್ನುತ್ತ ಅವನ ಹಣೆಯ ಮೇಲೆ ಕೈಯಿಟ್ಟಳು. ತೊಡೆ ಮಾತ್ರ ಕದಲಿಸಲಿಲ್ಲ.