ಮಿಶ್ರ ಮಾಧ್ಯಮ

ಗೆಳೆಯರೇ, ಊಟಿಯ ನನ್ನ ಚಿತ್ರಪ್ರದರ್ಶನಕ್ಕೆ ಇವತ್ತು ಅವ್ವ ಬಂದಿದ್ದಳು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಈ ತಮಿಳು ಸೀಮೆಗೆ ಬಂದು, ಇಲ್ಲೇ ಹತ್ತಿರದ ಕಟ್ಟಬೆಟ್ಟುವಿನಲ್ಲಿ ಟೀ ಎಲೆ ಕೀಳುತ್ತಲೇ ಮುದುಕಿಯಾದವಳು. ಅವಳು ಸೊಂಟಕ್ಕೆ ಕಟ್ಟುತ್ತಿದ್ದ ಗೋಣಿತಾಟನ್ನೇ ಕ್ಯಾನ್ವಾಸಿಗೆ ಹೊಲಿದು, ಅದರ ಮೇಲೆ ಅವಳ ತವರಿನ ಹೊಲವನ್ನು ಟೀ ಡಿಕಾಕ್ಷನ್ನಿನಲ್ಲಿ ಬರೆದಿದ್ದೇನೆ.

ಮೈಸೂರಿನವರೊಬ್ಬರು ಫೋನಿನಲ್ಲಿ ಕನ್ನಡ ಮಾತಾಡಿದ್ದೇ ತಡ, ಅವ್ವ ಹತ್ತಿರ ಹೋದಳು.

"ನೀವು ಬಂದ ದಾರೀಲೇ ಸಾರ್ ನಮ್ಮೂರು. ಗುಂಡ್ಲುಪೇಟೆ ಕಡೆ ಮಳೆ ಆಯ್ತಾ? ಇಲ್ಲಿ ಎಸ್ಟೇಟ್‌ಲೆ ಲೀಫು ರೊಂಬ ಕಮ್ಮಿ."

"ಪರವಾಗಿಲ್ವಲ್ಲಮ್ಮ, ಕನ್ನಡ ಚೆನ್ನಾಗಿ ಕಲ್ತಿದ್ದೀರಿ," ಎಂದರು ಅವರು.

ಅವ್ವ ಸೆರಗು ಸರಿಮಾಡಿಕೊಂಡಳು. "ನಮ್ಮವ್ವ ಕಲಿಸಿದ್ದು ಸಾರ್."

ಅವರು ಚಿತ್ರದ ಕೆಳಗಿದ್ದ 'ಮಿಶ್ರ ಮಾಧ್ಯಮ' ಎಂಬ ಚೀಟಿ ಓದಿ, ಬೆರಕೆ ಬಹಳ ಚೆನ್ನಾಗಿದೆ ಎಂದು ನನ್ನನ್ನು ಹೊಗಳಿ ಹೋದರು.

ಮಳೆ ಆಯಿತೋ ಇಲ್ಲವೋ, ಹೇಳಲೇ ಇಲ್ಲ.