ಪುಸ್ತಕದೊಳಗೆ ನುಗ್ಗಿದ ಕೆಂಚಿ

ಮಕ್ಕಳೇ, ಚಂದ್ರವ್ವನವರ ಕಥೆ ಹೇಳುತ್ತೇನೆ, ಮಧ್ಯೆ ಬಾಯಿ ಹಾಕಬೇಡಿ. ಹಾಕಿದರೆ ನನಗೆ ಎಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ.

ಗದಗದ ಕಡೆಯಿಂದ ಬಂದು ನಮ್ಮ ಕೊಡಿಗೇಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದ ಈಕೆ, ಕಣ್ಣಿಗೆ ಬಿದ್ದದ್ದನ್ನೇ ಕಥೆಯಾಗಿ ಬರೆಯುವವರು. ಅದರಲ್ಲಿ ಬರುವ ನಾಯಿ, ಬೆಕ್ಕು, ಕೋಳಿ ಎಲ್ಲವೂ ನಮ್ಮ ಬೀದಿಯವೇ, ಹೆಸರೂ ಅವುಗಳದ್ದೇ. ಬರೆದದ್ದನ್ನು ಮೊದಲು ಮೆಟ್ಟಿಲ ಮೇಲೆ ಕೂತು ಬೀದಿಯ ಮಕ್ಕಳಿಗೆ ಓದುವರು. ಒಂದು ಮಗು ನೀರು ಕುಡಿಯುವ ನೆಪದಲ್ಲಿ ಎದ್ದುಹೋದರೂ ಸಾಕು, ಆ ಹಾಳೆ ಚೂರುಚೂರು! ನಿಮ್ಮ ಪಾಠದ ಪುಸ್ತಕಗಳಿಗೂ ಈ ಪರೀಕ್ಷೆ ಇಟ್ಟಿದ್ದರೆ ಏನಾಗುತ್ತಿತ್ತೋ, ನಾನಂತೂ ಬಾಯಿ ಬಿಡುವುದಿಲ್ಲ.

ಈಗ ಯಲಹಂಕದಿಂದ ಹೆಬ್ಬಾಳದವರೆಗೆ ಯಾವ ಶಾಲೆಗೆ ಹೋದರೂ ಮಕ್ಕಳು ಚಂದ್ರವ್ವನ ಸೆರಗು ಬಿಡುವುದಿಲ್ಲ. ಆದರೆ ಮೊದಲ ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಆಕೆ ಇದ್ದ ಮನೆಯನ್ನೇ ಕಳೆದುಕೊಳ್ಳುವುದರಲ್ಲಿದ್ದರು. ಎಲ್ಲಾ ಒಂದು ಎಮ್ಮೆಯಿಂದ.

ಎಮ್ಮೆಯ ಹೆಸರು ಕೆಂಚಿ. ಮನೆ ಮಾಲೀಕ ಮುನಿನಾರಾಯಣಪ್ಪನವರದು. ಕಥೆಯಲ್ಲಿ ಅದು ಮದುವೆ ಮನೆಗೆ ನುಗ್ಗಿ, ಬಾಳೆಕಂದು, ಮಾವಿನ ತೋರಣ, ಕೊನೆಗೆ ಗಂಡಿನ ಹಾರವನ್ನೂ ತಿಂದು ತೇಗುತ್ತದೆ. ಮಾಲೀಕರು ಕೆಂಡವಾದರು.

"ಏನಮ್ಮಾ, ನಮ್ಮೆಮ್ಮೆ ಮಾನ ಇಂಗಾ ಕಳೆಯೋದು? ಪುಸ್ತಕ್ದಾಗೆ ಅದ್ರ ಎಸ್ರು ಇದ್ರೆ ಮನೆ ಖಾಲಿ ಮಾಡು!"

"ನಾ ಸುಳ್ಳೇನರ ಬರದೀನೇನ್ರೀ? ಊರ ಮಂದಿ ನೋಡ್ಯಾರಲ್ರೀ!"

"ನಿಜ ಬರ್ದಿದ್ದಕ್ಕೇ ಕಣಮ್ಮಾ ನಂಗೆ ಸಿಟ್ಟು!"

ಗಂಡ ಚನ್ನಪ್ಪನಿಗೆ ಫ್ಯಾಕ್ಟರಿ ಹತ್ತಿರ, ಮಗಳಿಗೆ ಶಾಲೆ ಹತ್ತಿರ. ಈ ಮನೆ ಬಿಟ್ಟು ಹೋಗುವುದೆಲ್ಲಿಗೆ? ಚಂದ್ರವ್ವ ಮನಸ್ಸು ಕಲ್ಲು ಮಾಡಿ ಕಥೆಯಲ್ಲಿ ಎಮ್ಮೆಯ ಜಾಗಕ್ಕೆ ಮೇಕೆ ತಂದರು. ಓದಿ ಮುಗಿಸುವ ಮುಂಚೆಯೇ ದಿವ್ಯ ಎಂಬ ಪುಟಾಣಿ ಎದ್ದುಬಿಟ್ಟಳು.

"ಮೇಕೆ ತಿಂದ್ರೆ ಏನ್ ಮಜಾ ಆಂಟಿ? ಅದು ಎಲ್ಲಾನೂ ತಿನ್ನುತ್ತೆ!"

ಹಾಳೆ ಚೂರಾಯಿತು. ಆಮೇಲೆ ಹಸು ಬಂತು, ಅದಕ್ಕೂ ಅದೇ ಗತಿ. ಅತ್ತ ಪ್ರಕಾಶಕರ ಫೋನಿನ ಮೇಲೆ ಫೋನು. ಪಾಪ, ಚಂದ್ರವ್ವನಿಗೆ ಅಳುವೇ ಬಂತು.

ಹೀಗಿರುವಾಗ ಒಂದು ಬೆಳಿಗ್ಗೆ ಮುನಿನಾರಾಯಣಪ್ಪ ಬಂದರು. ಚಂದ್ರವ್ವ ಗಾಬರಿಯಾದರು. "ತಗದೀನ್ರೀ ಯಜಮಾನ್ರ, ಕೆಂಚೀನ್ ತಗದೀನಿ!"

ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. "ಬಿಲ್ಡಿಂಗ್ ಕಟ್ಬೇಕಲ್ಲಮ್ಮಾ, ಕೊಟ್ಗೆ ಕೆಡವಿಸ್ದೆ. ಕೆಂಚೀನ ನಿನ್ನೆ ಚಿಕ್ಕಜಾಲದೋರ್ಗೆ ಮಾರ್ಬಿಟ್ಟೆ. ಟೆಂಪೋ ಅತ್ತುವಾಗ ತಿರುಗಿ ತಿರುಗಿ ನನ್ನೇ ನೋಡ್ತಿತ್ತು." ಹೆಗಲ ಟವಲಿನಿಂದ ಮುಖ ಒರೆಸಿಕೊಂಡು ಅಂದರು, "ಮನೆ ಖಾಲಿ ಮಾಡೋ ಮಾತು ಬಿಡು. ಆ ಕಥೆ ಓದಮ್ಮಾ."

ಚಂದ್ರವ್ವ ಹಳೆಯ ಕಥೆಯನ್ನೇ ತಂದು ಓದಿದರು. ಗಂಡಿನ ಹಾರ ಎಮ್ಮೆಯ ಬಾಯಿಗೆ ಹೋದಾಗ ಮುನಿನಾರಾಯಣಪ್ಪ ನಕ್ಕೂ ನಕ್ಕೂ ಕೆಮ್ಮಿದರು. ಕೊನೆಯಲ್ಲಿ ಮದುವೆಯವರು ಜಗಳಕ್ಕೆ ಬಂದು, ಈ ಎಮ್ಮೆಯನ್ನು ಮಾರಿಬಿಡಿ ಎಂದು ಕೂಗುವ ಜಾಗ ಬಂತು. ಅವರ ನಗು ನಿಂತೇಹೋಯಿತು. ಕೈಯೆತ್ತಿ ಓದನ್ನು ತಡೆದರು.

"ಮಾರ್ಬೇಡಮ್ಮಾ. ನೀನಾದ್ರೂ ಮಾರ್ಬೇಡ."